ಕಡಲಕಳೆಯಿಂದ ಮುಖಕ್ಕೆ ಕಳೆ ಬರುತ್ತಾ?

ಭಾನುವಾರ, ಅದರ ಮೇಲೆ ಮೆಗಾಬ್ಲಾಕ್. ಆದ್ರೂ ಕಲ್ಯಾಣ್, ಥಾಣೆ, ಐರೋಲಿ, ಖಾರ್‌ಘರ್ ಎಲ್ಲಾ ಕಡೆಯಿಂದ ಇಷ್ಟು ಜನ ಬಂದು ಕೂತಿದ್ದೀರಿ. ನಿಮ್ಮ ಸಮಯ ಹಾಳು ಮಾಡಲ್ಲ, ನೇರವಾಗಿ ವಿಷಯಕ್ಕೆ ಬರ್ತೀನಿ.

ನನ್ನ ಮುಂದೆ ಟೇಬಲ್ ಮೇಲೆ ನಾಲ್ಕು ವಸ್ತು ಇಟ್ಟಿದ್ದೀನಿ. ವಿಡಿಯೊ ನೋಡ್ತಿರೋರಿಗೆ ಕಾಣುತ್ತೆ, ಓದ್ತಿರೋರಿಗೆ ಹೇಳಿಬಿಡ್ತೀನಿ. ಒಂದನೇದು ಚೈನಾ ಗ್ರಾಸ್ ಪ್ಯಾಕೆಟ್. ನಮ್ಮ ಮನೆಗಳಲ್ಲಿ ಹಾಲಿಗೆ ಹಾಕಿ ಪುಡ್ಡಿಂಗ್ ಮಾಡ್ತೀವಲ್ಲ, ಅದೇ. ಎರಡನೇದು ಟೂತ್‌ಪೇಸ್ಟ್. ಮೂರನೇದು ಒಂದು ಪುಡಿ. ಪಾರ್ಲರ್‌ನಲ್ಲಿ ನೀರಲ್ಲಿ ಕಲಸಿ ಮುಖಕ್ಕೆ ಬಳಿದು, ಆಮೇಲೆ ರಬ್ಬರ್ ಥರ ಒಂದೇ ಏಟಿಗೆ ಎಳೆದು ತೆಗೀತಾರಲ್ಲ, ಆ ಮಾಸ್ಕ್‌ದು. ನಾಲ್ಕನೇದು ಈ ಸಣ್ಣ ಗಾಜಿನ ಬಾಟಲಿ. ಖಾಲಿ ಇದೆ. ಮೇಲೆ ಕೈಬರಹದ ಲೇಬಲ್ ಇದೆ.

ಮೊದಲ ಮೂರರಲ್ಲೂ ಕಡಲಕಳೆ ಇದೆ. ಅಗರ್, ಕ್ಯಾರಗೀನನ್, ಆಲ್ಜಿನೇಟ್ ಅಂತ ಬೇರೆ ಬೇರೆ ಹೆಸರಲ್ಲಿ. ನಾಲ್ಕನೇದರಲ್ಲೂ ಇತ್ತು. ಆ ಬಾಟಲಿ ನನ್ನದು, ಲೇಬಲ್ ಬರೆದವಳೂ ನಾನೇ.

ನನ್ನ ಬಗ್ಗೆ ಎರಡು ಮಾತು. ನಾನು ಕಾರವಾರದ ಕಡೆಯವಳು. 2009ರಲ್ಲಿ ಐರೋಲಿಯ ಒಂದು ಸಾಫ್ಟ್‌ವೇರ್ ಕಂಪನಿಗೆ ಟೆಸ್ಟರ್ ಆಗಿ ಬಂದೆ. ಸಂಬಳಕ್ಕೆ ತಕ್ಕ ಬಾಡಿಗೆ ಸಿಕ್ಕಿದ್ದು ಡೊಂಬಿವಲಿಯಲ್ಲಿ. ಹಾಗಾಗಿ ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿಯೋದು ನಿಮ್ಮಲ್ಲಿ ಅರ್ಧ ಜನರ ಹಾಗೆ ನನಗೂ ದಿನದ ಪೂಜೆ. ನಾನು ಚರ್ಮದ ಡಾಕ್ಟರ್ ಅಲ್ಲ, ಕೆಮಿಸ್ಟೂ ಅಲ್ಲ. ಬೇರೆಯವರು ಬರೆದ ಕೋಡ್‌ನಲ್ಲಿ ತಪ್ಪು ಹುಡುಕೋದು ನನ್ನ ಹೊಟ್ಟೆಪಾಡು. ಇವತ್ತು ಹೇಳೋದು ಮಾತ್ರ ನಾನೇ ಮಾಡಿದ ತಪ್ಪು, ಮತ್ತೆ ಆ ತಪ್ಪಿನಿಂದ ಕಲಿತದ್ದು.

2020ರ ಲಾಕ್‌ಡೌನ್ ನೆನಪಿದೆಯಲ್ಲ? ಒನ್ ಬಿ.ಎಚ್.ಕೆ., ಎರಡು ಲ್ಯಾಪ್‌ಟಾಪ್, ಒಂದು ಮಗು. ಆಫೀಸಲ್ಲಿ ಯಾರನ್ನ ತೆಗೀತಾರೋ ಅನ್ನೋ ಭಯ. ಆಗ ನನಗೂ ಒಂದು ಸೈಡ್ ಬಿಸಿನೆಸ್ ಇರಲಿ ಅನ್ನಿಸ್ತು. ಯೂಟ್ಯೂಬ್ ತೆಗೆದ್ರೆ ಎಲ್ಲಾ ಕಡೆ ಕಡಲಕಳೆಯ ಫೇಸ್ ಜೆಲ್, ಕೊರಿಯನ್ ಗ್ಲಾಸ್ ಸ್ಕಿನ್. ನಾನು ಕಡಲ ಮಗಳು, ನನಗೆ ಗೊತ್ತಿಲ್ಲದ್ದಾ ಅಂತ ಒಂದು ಹಮ್ಮು ಬೇರೆ.

ಚೈನಾ ಗ್ರಾಸ್ ಕುದಿಸಿದೆ. ಬಾಲ್ಕನಿಯ ಕುಂಡದಿಂದ ಲೋಳೆಸರ ಕಿತ್ತು ತಿರುಳು ಹಾಕಿದೆ. ಗುಲಾಬಿ ನೀರು, ವಿಟಮಿನ್ ಇ ಮಾತ್ರೆ ಒಡೆದು ನಾಲ್ಕು ಹನಿ. ಮಿಕ್ಸಿಯಲ್ಲಿ ತಿರುಗಿಸಿದ್ರೆ ಎಷ್ಟು ಚೆನ್ನಾಗಿ ಬಂತು ಅಂದ್ರೆ, ಮುಟ್ಟಿದ್ರೆ ತಂಪು, ಹಚ್ಚಿದ್ರೆ ಮುಖ ಬಿಗಿ. 31 ಬಾಟಲಿ ತುಂಬಿಸಿದೆ. ಒಂದಕ್ಕೆ 150 ರೂಪಾಯಿ. ಲೇಬಲ್ ಮೇಲೆ ಬರೆದೆ: ‘100% ನ್ಯಾಚುರಲ್. ನೋ ಕೆಮಿಕಲ್ಸ್.’ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಎರಡು ದಿನಕ್ಕೆ ಎಲ್ಲಾ ಖಾಲಿ.

ಮೊದಲ ಬಾಟಲಿ ತಗೊಂಡವರು ನಮ್ಮ ಮಹಡಿಯ ಆಂಟಿ. ಕುಂದಾಪುರದ ಕಡೆಯವರು. ಅವರ ಯಜಮಾನರು ಕಲ್ಯಾಣ್‌ನಲ್ಲಿ ಹೋಟೆಲ್ ನಡೆಸಿ ನಿವೃತ್ತರಾದವರು. ನಾನು ಡೊಂಬಿವಲಿಗೆ ಬಂದ ಮೊದಲ ಮಳೆಗಾಲದಲ್ಲಿ ಜ್ವರ ಬಂದು ಒಬ್ಬಳೇ ಮಲಗಿದ್ದಾಗ, ಹೆಸರೂ ಕೇಳದೆ ಗಂಜಿ ತಂದುಕೊಟ್ಟವರು. ಅವರಿಗೆ ದುಡ್ಡು ಬೇಡ ಅಂದೆ. ‘ಬೋಣಿ ನಂದೇ ಆಗ್ಲಿ’ ಅಂತ 150 ರೂಪಾಯಿ ಕೈಗಿಟ್ಟರು.

ಒಂಬತ್ತನೇ ದಿನ ಫೋನ್ ಬಂತು. ಹೋಗಿ ನೋಡಿದ್ರೆ ಆಂಟಿಯ ಎರಡೂ ಕೆನ್ನೆ ಕೆಂಪಗಾಗಿ ಊದಿವೆ. ಎಡಗಣ್ಣಿನ ಕೆಳಗೆ ಕೀವು ತುಂಬಿದ ಗುಳ್ಳೆಗಳು. ಡಾಕ್ಟರ್ ನೋಡಿ ಮುಲಾಮು, ಮಾತ್ರೆ ಕೊಟ್ಟರು. ‘ಕಣ್ಣಿಗೆ ಇಳಿದಿಲ್ಲ, ಪುಣ್ಯ’ ಅಂದರು. ಎರಡು ವಾರದಲ್ಲಿ ವಾಸಿ ಆಯ್ತು. ಆದರೆ ಆವತ್ತು ನಾನು ಬಾತ್‌ರೂಮ್ ಶೆಲ್ಫ್ ಮೇಲಿದ್ದ ಆ ಬಾಟಲಿ ತೆಗೆದು ನೋಡಿದೆ. ಹುಳಿ ವಾಸನೆ. ಮುಚ್ಚಳದ ಒಳಗೆ ಬೂದು ಬಣ್ಣದ ಬೂಷ್ಟು.

‘ಹಾಳಾಗಿದ್ದು ನೋಡ್ಲಿಲ್ವಾ ಆಂಟಿ?’ ಅಂತ ಕೇಳಿದೆ. ಅವರು ಸಿಟ್ಟಿಲ್ಲದೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ‘ನೀನು ಕೊಟ್ಟಿದ್ದಲ್ವಾ, ನೋಡೋದೇನು? ಹಚ್ಚಿದೆ.’

ಆ ಸಂಜೆ ಮಾಸ್ಕ್ ಹಾಕ್ಕೊಂಡು ಮನೆ ಮನೆ ಬಾಗಿಲು ತಟ್ಟಿದೆ. 26 ಬಾಟಲಿ ವಾಪಸ್ ಸಿಕ್ತು, ಐದು ಆಗಲೇ ಖಾಲಿ ಆಗಿತ್ತು. ಎಲ್ಲರಿಗೂ ದುಡ್ಡು ಹಿಂತಿರುಗಿಸಿದೆ. ಎರಡು ಬಾಟಲಿಯನ್ನ ಒಂದು ಲ್ಯಾಬಿಗೆ ಕಳಿಸಿದೆ. ಟೆಸ್ಟರ್ ಬುದ್ಧಿ ನೋಡಿ, ಬಗ್ ಎಲ್ಲಿದೆ ಅಂತ ಗೊತ್ತಾಗದೆ ನಿದ್ದೆ ಬರಲ್ಲ.

ರಿಪೋರ್ಟ್ ಜೊತೆ ಒಂದು ಫೋಟೊ ಬಂತು. ಗಾಜಿನ ತಟ್ಟೆ, ಅದರ ತುಂಬಾ ಚುಕ್ಕಿ ಚುಕ್ಕಿ. ಒಂದೊಂದು ಚುಕ್ಕಿಯೂ ಬ್ಯಾಕ್ಟೀರಿಯಾಗಳ ಒಂದೊಂದು ಸಂಸಾರ. ಸಾಮಾನ್ಯ ಕ್ರೀಮ್‌ಗಳಿಗೆ ಅಂತರರಾಷ್ಟ್ರೀಯ ಮಾನದಂಡದ ಮಿತಿ ಒಂದು ಗ್ರಾಮಿಗೆ 1000. ನನ್ನದರ ಎದುರು ‘ಎಣಿಸಲು ಸಾಧ್ಯವಾಗದಷ್ಟು’ ಅಂತ ಬರೆದಿತ್ತು. ಲ್ಯಾಬಿನವರಿಗೆ ಫೋನ್ ಮಾಡಿ, ಆ ತಟ್ಟೆಯಲ್ಲಿ ಹಾಸಿರೋ ಜೆಲ್ಲಿ ಏನು ಅಂತ ಕೇಳಿದೆ. ‘ಅಗರ್, ಮೇಡಂ. ಚೈನಾ ಗ್ರಾಸ್.’

ಅಂದ್ರೆ ನನ್ನ ಜೆಲ್‌ನಲ್ಲಿದ್ದ ವಸ್ತುವೇ ನನ್ನ ತಪ್ಪನ್ನೂ ಹಿಡಿದುಕೊಟ್ಟಿತ್ತು. ಇದರ ಹಿಂದೆ ಒಂದು ಅಡುಗೆಮನೆಯ ಕಥೆ ಇದೆ. 1881ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಅನ್ನೋ ವೈದ್ಯರು ಬ್ಯಾಕ್ಟೀರಿಯಾ ಬೆಳೆಸೋಕೆ ಜೆಲಟಿನ್ ಬಳಸ್ತಿದ್ರು. ಬೇಸಿಗೆ ಬಂದ್ರೆ ಜೆಲಟಿನ್ ಕರಗಿ ನೀರು. ಅವರ ಹೆಂಡತಿ ಫ್ಯಾನಿ ಹೆಸ್ಸೆ, ‘ನಾನು ಜೆಲ್ಲಿಗೆ ಹಾಕೋ ಅಗರ್ ಬಳಸಿ ನೋಡಿ’ ಅಂತ ಸೂಚಿಸಿದರು. ಜಾವಾದಲ್ಲಿ ಇದ್ದು ಬಂದ ಪರಿಚಯದವರಿಂದ ಅವರು ಅದನ್ನ ಕಲಿತಿದ್ದರು. ಅಗರ್ ಕರಗೋಕೆ ಸುಮಾರು 85 ಡಿಗ್ರಿ ಸೆಲ್ಸಿಯಸ್ ಬೇಕು, ಗಟ್ಟಿ ಆದ್ಮೇಲೆ ಬೇಸಿಗೆಗೆಲ್ಲ ಜಗ್ಗಲ್ಲ, ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಅದನ್ನ ಜೀರ್ಣಿಸೋಕೂ ಆಗಲ್ಲ. ಮರುವರ್ಷ ಕಾಖ್ ಕ್ಷಯರೋಗದ ಬ್ಯಾಕ್ಟೀರಿಯಾ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಅಗರ್ ಹೆಸರಿದೆ, ಫ್ಯಾನಿ ಹೆಸರಿಲ್ಲ. ಇವತ್ತಿಗೂ ಜಗತ್ತಿನ ಎಲ್ಲಾ ಲ್ಯಾಬ್‌ಗಳೂ ಆ ಹೆಣ್ಣುಮಗಳ ಅಡುಗೆಮನೆಯ ಸಾಮಾನಿನ ಮೇಲೇ ನಿಂತಿವೆ.

ಹಾಗಾದ್ರೆ ಬ್ಯಾಕ್ಟೀರಿಯಾ ತಿನ್ನದ ಅಗರ್ ನನ್ನ ಬಾಟಲಿಯಲ್ಲಿ ಯಾಕೆ ಕೆಟ್ಟಿತು? ಕೆಟ್ಟಿದ್ದು ಅಗರ್ ಅಲ್ಲ. ಅಗರ್ ಮನೆ ಕಟ್ಟಿಕೊಟ್ಟಿತು, ಲೋಳೆಸರದ ಸಕ್ಕರೆ ಅಂಶ ಊಟ ಹಾಕಿತು, ನೀರು ಧಾರಾಳವಾಗಿ ನಾನೇ ಕೊಟ್ಟಿದ್ದೆ. ಜೂನ್ ತಿಂಗಳ ಡೊಂಬಿವಲಿ ಸೆಕೆ ಬೆಚ್ಚಗಿಟ್ಟಿತು. ಬಾರದೇ ಇದ್ದದ್ದು ಒಂದೇ, ಪ್ರಿಸರ್ವೇಟಿವ್. ಯಾಕಂದ್ರೆ ನಾನು ‘ನೋ ಕೆಮಿಕಲ್ಸ್’ ಅಂತ ಬರೆದಿದ್ದೆನಲ್ಲ!

ಸರಿ, ಇನ್ನು ಅಸಲಿ ಪ್ರಶ್ನೆ. ಕಡಲಕಳೆ ಚರ್ಮಕ್ಕೆ ಏನಾದ್ರೂ ಒಳ್ಳೇದು ಮಾಡುತ್ತಾ? ಮಾಡುತ್ತೆ. ಆದರೆ ಜಾಹೀರಾತು ಹೇಳೋ ಕೆಲಸ ಬೇರೆ, ಅದು ಮಾಡೋ ಕೆಲಸ ಬೇರೆ.

ಕಡಲ ತೀರದ ಬಂಡೆ ಮೇಲೆ ಬೆಳೆಯೋ ಕಳೆಯ ಬದುಕು ಊಹಿಸಿ. ಅದಕ್ಕೆ ನಮ್ಮ ಗಿಡಗಳ ಥರ ಬೇರಿಲ್ಲ, ಕಚ್ಚಿಕೊಳ್ಳೋಕೆ ಒಂದು ಹಿಡಿ ಇರುತ್ತೆ ಅಷ್ಟೆ. ಭರತದಲ್ಲಿ ಅಲೆ ಬಡಿಯುತ್ತೆ, ಇಳಿತದಲ್ಲಿ ಗಂಟೆಗಟ್ಟಲೆ ಬಿಸಿಲಲ್ಲಿ ಒಣಗಬೇಕು. ಮುರಿಯದೆ ಬಾಗೋಕೆ, ಬಿಸಿಲಲ್ಲೂ ನೀರು ಬಿಡದೆ ಹಿಡಿದಿಡೋಕೆ ಅದರ ಜೀವಕೋಶಗಳ ಗೋಡೆಯಲ್ಲಿ ಲೋಳೆಯಂಥ ಸಕ್ಕರೆ ಸರಪಳಿಗಳಿವೆ. ಕೆಂಪು ಕಳೆಗಳಲ್ಲಿ ಅಗರ್, ಕ್ಯಾರಗೀನನ್. ಕಂದು ಕಳೆಗಳಲ್ಲಿ ಆಲ್ಜಿನೇಟ್, ಫ್ಯೂಕಾಯ್ಡನ್. ಹಸಿರು ಕಳೆಯಲ್ಲಿ ಉಲ್ವಾನ್. ನಮ್ಮ ಕ್ರೀಮಿಗೆ ಮುಖ್ಯವಾಗಿ ಬರೋದು ಈ ಲೋಳೆ.

ಇದು ಚರ್ಮದ ಒಳಗೆ ಹೋಗುತ್ತಾ? ಚರ್ಮದ ವಿಜ್ಞಾನದಲ್ಲಿ ಒಂದು ಅಂದಾಜು ಸೂತ್ರ ಇದೆ, 500 ಡಾಲ್ಟನ್ ನಿಯಮ ಅಂತಾರೆ. 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಅನ್ನೋ ಇಬ್ಬರು ಇದನ್ನ ಮುಂದಿಟ್ಟರು. ಡಾಲ್ಟನ್ ಅಂದ್ರೆ ಅಣುವಿನ ತೂಕದ ಅಳತೆ. 500ಕ್ಕಿಂತ ದೊಡ್ಡ ಅಣು ಆರೋಗ್ಯವಂತ ಚರ್ಮ ದಾಟಿ ಒಳಗೆ ಹೋಗೋದು ಕಷ್ಟ. ಗ್ಲೂಕೋಸ್ ಅಣುವಿನ ತೂಕ 180. ಕ್ಯಾರಗೀನನ್‌ದು ಲಕ್ಷಗಳಲ್ಲಿ. ಲೋಕಲ್ ಗಾಡಿಯ ಬಾಗಿಲಲ್ಲಿ ಆನೆ ನುಗ್ಗಿಸಿದ ಹಾಗೆ. ಅದು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲುತ್ತೆ.

ನಿಂತು ಏನು ಮಾಡುತ್ತೆ? ಚರ್ಮದ ಮೇಲೆ ತೆಳು ಪೊರೆ ಕಟ್ಟುತ್ತೆ. ನೀರು ಹಿಡಿದಿಡುತ್ತೆ. ಎ.ಸಿ. ಗಾಳಿಯಲ್ಲಿ ಇಡೀ ದಿನ ಕೂರೋ ನಮ್ಮಂಥವರ ಮುಖದಿಂದ ತೇವ ಆರಿಹೋಗೋದನ್ನ ಸ್ವಲ್ಪ ನಿಧಾನ ಮಾಡುತ್ತೆ. ಕ್ರೀಮಿಗೆ ಮೈಕಟ್ಟು ಕೊಡುತ್ತೆ, ನೀರು ಎಣ್ಣೆ ಬೇರೆ ಬೇರೆ ಆಗದ ಹಾಗೆ ನೋಡಿಕೊಳ್ಳುತ್ತೆ. ಟೂತ್‌ಪೇಸ್ಟ್ ಬ್ರಷ್ ಮೇಲೆ ಹರಿದು ಹೋಗದೆ ಕೂರೋದೂ ಇದರಿಂದಲೇ. ಪಾರ್ಲರ್ ಮಾಸ್ಕ್ ಕೂಡ ಹೀಗೇ. ಆಲ್ಜಿನೇಟ್ ಪುಡಿ ಕ್ಯಾಲ್ಸಿಯಂ ಜೊತೆ ಸೇರಿ ರಬ್ಬರ್ ಥರ ಗಟ್ಟಿ ಆಗುತ್ತೆ. ಹಲ್ಲಿನ ಡಾಕ್ಟರ್ ಅಚ್ಚು ತೆಗೆಯೋಕೆ ಬಾಯಿಗೆ ತುರುಕೋ ತಣ್ಣನೆ ಪೇಸ್ಟ್ ಇದೆಯಲ್ಲ, ಅದೂ ಬಹಳ ಸಲ ಇದೇ ವಸ್ತು. ಮುಖದ ‘ವಿಷ’ ಎಳೆದು ತೆಗೆಯುತ್ತೆ ಅಂತ ಪಾರ್ಲರಿನವರು ಹೇಳಿದ್ರೆ ನಕ್ಕು ಸುಮ್ಮನಿರಿ. ತಂಪು ಕೊಡುತ್ತೆ, ತೇವ ಕೊಡುತ್ತೆ, ಅಷ್ಟು ನಿಜ. ನನ್ನ ದೃಷ್ಟಿಯಲ್ಲಿ ಅದು ಸಣ್ಣ ಕೆಲಸ ಅಲ್ಲ.

ಇನ್ನು ಸಣ್ಣ ಅಣುಗಳ ವಿಷಯ. ಪೊರ್ಫೈರಾ ಅನ್ನೋ ಕೆಂಪು ಕಳೆ ಇದೆ. ಸುಶಿಗೆ ಸುತ್ತೋ ಕಪ್ಪು ಹಾಳೆ ನೋರಿ, ಅದರ ಬಳಗ. ನಮ್ಮ ಕೊಂಕಣ, ಗೋವಾ, ಕಾರವಾರ ಕರಾವಳಿಯ ಬಂಡೆಗಳ ಮೇಲೆ ಮಳೆಗಾಲದಲ್ಲಿ ಇದರದೇ ಒಂದು ತಳಿ ಬರುತ್ತೆ. ಬಿಸಿಲಿನಿಂದ ತಪ್ಪಿಸಿಕೊಳ್ಳೋಕೆ ಇದು ಮಾಡಿಕೊಂಡಿರೋ ಒಂದು ಅಣುವಿನ ಹೆಸರೇ ಪೊರ್ಫೈರಾ-334. ಯಾಕಂದ್ರೆ ಅದು 334 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಕಿರಣವನ್ನ ಅತಿ ಹೆಚ್ಚು ಹೀರಿಕೊಳ್ಳುತ್ತೆ. ಚರ್ಮ ಸುಕ್ಕುಗಟ್ಟಿಸೋ ಯು.ವಿ.ಎ. ಕಿರಣಗಳ ವ್ಯಾಪ್ತಿಯಲ್ಲೇ ಇದು ಬರೋದು. ಹಾಗಾಗಿ ಇದನ್ನ ಸೌಂದರ್ಯವರ್ಧಕಗಳಲ್ಲಿ ಬಳಸ್ತಾರೆ. ಕಂದು ಕಳೆಗಳ ಫ್ಲೋರೊಟ್ಯಾನಿನ್‌ಗಳೂ ಕುತೂಹಲ ಹುಟ್ಟಿಸೋ ವಸ್ತುಗಳೇ. ಆದರೆ ಇವುಗಳ ಬಗ್ಗೆ ಕಾಣೋ ಪ್ರಯೋಗಗಳಲ್ಲಿ ಹೆಚ್ಚಿನವು ಗಾಜಿನ ತಟ್ಟೆಯ ಜೀವಕೋಶಗಳ ಮೇಲೆ ಆದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಯೂನಿಟ್ ಟೆಸ್ಟ್ ಪಾಸ್ ಆಗಿದೆ. ಪ್ರೊಡಕ್ಷನ್‌ನಲ್ಲಿ, ಅಂದ್ರೆ ನಿಮ್ಮ ಮುಖದ ಮೇಲೆ, ಅಷ್ಟೇ ಕೆಲಸ ಮಾಡುತ್ತೆ ಅಂತ ಅದರಿಂದ ಹೇಳೋಕಾಗಲ್ಲ. ಕಡಲಕಳೆ ಕ್ರೀಮ್ ಹಚ್ಚಿದ್ದೀನಿ ಅಂತ ಸನ್‌ಸ್ಕ್ರೀನ್ ಬಿಡಬೇಡಿ.

ಇಲ್ಲಿ ಲೇಬಲ್ ಓದೋ ಒಂದು ಸಣ್ಣ ಉಪಾಯ. ನಮ್ಮ ದೇಶದ ನಿಯಮದ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರೋ ಪದಾರ್ಥಗಳನ್ನ ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೀಬೇಕು. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರೋದನ್ನ ಅದಾದ ಮೇಲೆ ಯಾವ ಕ್ರಮದಲ್ಲಾದ್ರೂ ಬರೀಬಹುದು. ಫಿನಾಕ್ಸಿಎಥನಾಲ್ ಅನ್ನೋ ಪ್ರಿಸರ್ವೇಟಿವ್‌ಗೆ ಯುರೋಪಿನಲ್ಲಿ ಮಿತಿ ಶೇ. 1. ಹಾಗಾಗಿ ಪಟ್ಟಿಯಲ್ಲಿ ಆ ಹೆಸರು ಎಲ್ಲಿದೆ ನೋಡಿ. ಕಡಲಕಳೆಯ ಸಾರ ಅದರ ನಂತರ ಬಂದಿದ್ರೆ, ಅದು ಶೇ. 1ಕ್ಕಿಂತ ಕಡಿಮೆ ಅಂತ ಹೆಚ್ಚುಕಮ್ಮಿ ಹೇಳಬಹುದು. ಡಬ್ಬಿಯ ಮುಂಭಾಗದಲ್ಲಿ ಇಡೀ ಸಮುದ್ರದ ಚಿತ್ರ, ಹಿಂಭಾಗದಲ್ಲಿ ಒಂದು ಹನಿ! ಕೆಲವು ಅಣುಗಳು ಕಡಿಮೆ ಪ್ರಮಾಣದಲ್ಲೂ ಕೆಲಸ ಮಾಡ್ತವೆ ನಿಜ. ಆದರೆ ನೀವು 1,800 ರೂಪಾಯಿ ಕೊಡ್ತಿರೋದು ಯಾವುದಕ್ಕೆ ಅಂತ ಗೊತ್ತಿರಲಿ.

ಇದೆಲ್ಲ ಓದ್ತಾ ಹೋದಾಗ ನನಗೆ ಇನ್ನೊಂದು ಪ್ರಶ್ನೆ ಬಂತು. ನನ್ನ ಚೈನಾ ಗ್ರಾಸ್ ಪ್ಯಾಕೆಟ್‌ಗೆ ಕಳೆ ಎಲ್ಲಿಂದ ಬಂತು? ನಮ್ಮ ದೇಶದಲ್ಲಿ ಕಡಲಕಳೆ ಸಂಗ್ರಹದ ದೊಡ್ಡ ಕೇಂದ್ರ ತಮಿಳುನಾಡಿನ ರಾಮನಾಥಪುರ ಜಿಲ್ಲೆ, ಮನ್ನಾರ್ ಕೊಲ್ಲಿ. ಪಾಂಬನ್, ಮಂಡಪಂ ಸುತ್ತಮುತ್ತ. ಅಲ್ಲಿ ಹೆಂಗಸರು ತಲೆಮಾರುಗಳಿಂದ ಉಸಿರು ಬಿಗಿಹಿಡಿದು ಮುಳುಗಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂಡೆಯಿಂದ ಕಳೆ ಕಿತ್ತು ತರ್ತಾರೆ. ಅಗರ್ ಕೊಡೋ ಒಂದು ಕಳೆಗೆ ಅವರು ಮರಿಕೊಳುಂದು ಅಂತಾರೆ. ಪಾಚಿಗೆ ಅವರ ಮಾತು ‘ಪಾಸಿ’. ನಮ್ಮ ಪಾಚಿಗೆ ಅಕ್ಕನೋ ತಂಗಿಯೋ ಆಗಬೇಕು. 1986ರಲ್ಲಿ ಅಲ್ಲಿನ 21 ದ್ವೀಪಗಳ ಸುತ್ತ ಸಾಗರ ರಾಷ್ಟ್ರೀಯ ಉದ್ಯಾನ ಘೋಷಣೆ ಆಯ್ತು. ಹವಳ ಉಳೀಬೇಕು, ಸರಿ. ಆದರೆ ಆ ದ್ವೀಪಗಳ ಸುತ್ತಲೇ ದುಡೀತಿದ್ದ ಹೆಂಗಸರು ಒಮ್ಮೆಗೇ ಅಪರಾಧಿಗಳ ಥರ ಆದರು.

ಇನ್ನೊಂದು ದಾರಿ ಕೃಷಿ. ಫಿಲಿಪ್ಪೀನ್ಸ್ ಮೂಲದ ಕಪ್ಪಾಫೈಕಸ್ ಅನ್ನೋ ಕೆಂಪು ಕಳೆಯನ್ನ 1984ರಲ್ಲಿ ಜಪಾನಿನಿಂದ ತಂದದ್ದು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆ. ಬಿದಿರಿನ ತೆಪ್ಪಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ತುಂಡು ಕಟ್ಟಿ ಬಿಟ್ರೆ ಸುಮಾರು 45 ದಿನಕ್ಕೆ ಕೊಯ್ಲು. ಮಂಡಪಂನಲ್ಲಿ ಸ್ವಸಹಾಯ ಗುಂಪುಗಳ ಹೆಂಗಸರು ಇದರಿಂದ ಮನೆ ನಡೆಸಿದರು. ಆದರೆ 2008ರಲ್ಲಿ ಸಂಶೋಧಕರು ಈ ಕಳೆ ತೆಪ್ಪದಿಂದ ತಪ್ಪಿಸಿಕೊಂಡು ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿದೆ ಅಂತ ವರದಿ ಮಾಡಿದರು. 2013ರ ನಂತರ ಬೆಳೆ ಸಾಮೂಹಿಕವಾಗಿ ಸತ್ತು ಉತ್ಪಾದನೆ ಕುಸಿಯಿತು. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆಗೆ ಅಂತಲೇ 640 ಕೋಟಿ ರೂಪಾಯಿ ಇಟ್ಟಿದ್ದಾರೆ. ಹಣ ಬಂತು, ಒಳ್ಳೇದೇ. ಆದರೆ ‘ನ್ಯಾಚುರಲ್’ ಅನ್ನೋ ಒಂದು ಪದದ ಹಿಂದೆ ಇಷ್ಟೆಲ್ಲ ಇದೆ ಅಂತ ನನ್ನ ಲೇಬಲ್ ಬರೆಯುವಾಗ ನನಗೆ ಗೊತ್ತಿರಲಿಲ್ಲ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ನನ್ನ ಕಥೆ ಕೇಳಿದ ಮೇಲೆ ಆಫೀಸಿನ ಒಬ್ಬ ಹುಡುಗ ಹೇಳಿದ, ‘ಮೇಡಂ, ದೂರ ಯಾಕೆ? ನಮ್ಮ ಐರೋಲಿ ಖಾಡಿಯಲ್ಲೇ ಬೇಕಾದಷ್ಟು ಹಸಿರು ಪಾಚಿ ಇದೆಯಲ್ಲ!’ ದಯವಿಟ್ಟು ಬೇಡ. ಇವತ್ತು ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ.

ಸ್ಲೋ ಲೋಕಲ್‌ನಲ್ಲಿ ಬಂದ್ರೆ ಮುಂಬ್ರಾ ಹತ್ತಿರ ಕಿಟಕಿ ಪಕ್ಕದಲ್ಲೇ ಖಾಡಿ ಕಾಣುತ್ತೆ. ಕಲ್ಯಾಣ್, ಡೊಂಬಿವಲಿ ಪಕ್ಕದಲ್ಲಿ ಹರಿದು ಬರೋ ಉಲ್ಹಾಸ್ ನದಿ, ಇತ್ತ ಥಾಣೆ ಖಾಡಿ, ಅದರ ಪೂರ್ವ ದಡದ ಉದ್ದಕ್ಕೂ ರಬಾಳೆ, ಮಹಾಪೆ, ತುರ್ಭೆಯ ಕೈಗಾರಿಕಾ ಪ್ರದೇಶ. ಈ ನೀರಿನ ಕೆಸರಲ್ಲಿ ಪಾದರಸ, ಸೀಸದಂಥ ಭಾರಲೋಹಗಳನ್ನ ಸಂಶೋಧಕರು ದಶಕಗಳಿಂದ ಅಳೀತಾ ಬಂದಿದ್ದಾರೆ. ಕಡಲಕಳೆಯ ಗುಣವೇ ಹೀರೋದು. ಆಲ್ಜಿನೇಟ್ ಲೋಹವನ್ನ ಎಷ್ಟು ಚೆನ್ನಾಗಿ ಹಿಡಿಯುತ್ತೆ ಅಂದ್ರೆ, ಕಾರ್ಖಾನೆಯ ಕೊಳಕು ನೀರಿನಿಂದ ಲೋಹ ತೆಗೆಯೋಕೆ ಕಂದು ಕಳೆ ಬಳಸೋ ಬಗ್ಗೆ ಸಂಶೋಧನೆ ನಡೆದಿದೆ. ಕಳೆ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಬೇಡಿ. ಅದು ನೀರಿನ ಲಾಗ್ ಫೈಲ್. ನೀರು ಹೇಗಿದೆಯೋ ಕಳೆಯೂ ಹಾಗೆ.

ಚಳಿಗಾಲದಲ್ಲಿ ಐರೋಲಿ ಕಡೆ ಫ್ಲೆಮಿಂಗೊ ನೋಡೋಕೆ ಮಕ್ಕಳನ್ನ ಕರ್ಕೊಂಡು ಹೋಗಿರ್ತೀರಿ. 2015ರಲ್ಲಿ ಅಭಯಾರಣ್ಯ ಆಯ್ತು, 2022ರಲ್ಲಿ ರಾಮ್ಸಾರ್ ತಾಣ. ಅವುಗಳ ಗುಲಾಬಿ ಬಣ್ಣ ಬರೋದು ತಿನ್ನೋ ಸೂಕ್ಷ್ಮ ಪಾಚಿ ಮತ್ತು ಸಣ್ಣ ಜೀವಿಗಳ ಕ್ಯಾರೊಟಿನಾಯ್ಡ್‌ನಿಂದ. ಪಾಚಿಯಿಂದ ಮೈಗೆ ಕಳೆ ಪಡೆದವರು ಈ ಊರಲ್ಲಿ ಯಾರಾದ್ರೂ ಇದ್ರೆ ಅವರೇ! ಆದರೆ ಆ ಪಾಚಿ ಇಷ್ಟೊಂದು ಬೆಳೆಯೋಕೆ ಖಾಡಿ ಸೇರೋ ನಮ್ಮ ಕೊಳಚೆ ನೀರೂ ಒಂದು ಕಾರಣ ಅಂತ ಪಕ್ಷಿತಜ್ಞರು ಹೇಳ್ತಾರೆ. ಅವು ತಿನ್ಕೊಳ್ಲಿ, ನಾವು ದೂರದಿಂದ ನೋಡೋಣ.

ಹೋದ ಬಾರಿ ಊರಿಗೆ ಹೋದಾಗ ಅಣ್ಣನ ಮಗ ಇದೇ ವಿಷಯ ತೆಗೆದ. ಬಿ.ಎಸ್ಸಿ. ಮುಗಿಸಿದ್ದಾನೆ, ಬೆಂಗಳೂರಿಗೋ ಮುಂಬೈಗೋ ಬರೋಕೆ ಮನಸ್ಸಿಲ್ಲ. ‘ಅತ್ತೆ, ಇಲ್ಲೇ ಕಳೆ ಬೆಳೆಸಿ ಕ್ರೀಮ್ ಕಂಪನಿಗೆ ಮಾರಬಹುದಾ?’ ಅವನ ಮುಖ ನೋಡಿ ಸುಮ್ಮನೆ ‘ಆಗುತ್ತೆ’ ಅನ್ನೋಕೂ ಮನಸ್ಸಾಗಲಿಲ್ಲ, ‘ಆಗಲ್ಲ’ ಅನ್ನೋಕೂ ಬಾಯಿ ಬರಲಿಲ್ಲ. ಊರಲ್ಲಿ ಉಳೀತೀನಿ ಅನ್ನೋ ಹುಡುಗನಿಗೆ ಊರು ಬಿಟ್ಟ ನಾನು ಏನು ಹೇಳಲಿ?

ಗೊತ್ತಿದ್ದನ್ನ ಹೇಳಿದೆ. ಕಾರವಾರದ ಬಂಡೆಗಳ ಮೇಲೆ ಮಳೆಗಾಲ ಮುಗಿದ ಮೇಲೆ ಸರ್ಗಾಸಮ್ ಅನ್ನೋ ಕಂದು ಕಳೆ ತಾನಾಗಿ ಬರುತ್ತೆ. ಅದನ್ನ ಬೇರು ಸಮೇತ ಅನ್ನೋ ಹಾಗೆ ಕೆರೆದು ತಂದ್ರೆ ಮರುವರ್ಷಕ್ಕೆ ಉಳಿಯಲ್ಲ, ಅದರೊಳಗೆ ಮರಿ ಮಾಡೋ ಮೀನಿಗೂ ಮನೆ ಇಲ್ಲ. ತೆಪ್ಪದ ಕೃಷಿ ಮಾಡೋದಾದ್ರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲು ತೆಪ್ಪ ಬಿಡಲ್ಲ. ನದಿ ಸೇರೋ ಕಡೆ ಮಳೆಗೆ ನೀರಿನ ಉಪ್ಪು ಇಳಿದ್ರೆ ಕಪ್ಪಾಫೈಕಸ್ ಬದುಕಲ್ಲ. ಸುಮಾರು ಹತ್ತು ಕೆ.ಜಿ. ಹಸಿ ಕಳೆ ಒಣಗಿದ್ರೆ ಉಳಿಯೋದು ಒಂದು ಕೆ.ಜಿ. ಕಾರವಾರದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಯೂಟ್ಯೂಬ್ ನೋಡೋ ಮುಂಚೆ ಅಲ್ಲಿಗೆ ಹೋಗು ಅಂದೆ. ಹೋಗಿದ್ದಾನೆ. ಈಗ ನೀರಿನ ಉಪ್ಪಿನ ಅಂಶ ವಾರ ವಾರ ಅಳೆದು ಎಕ್ಸೆಲ್‌ನಲ್ಲಿ ತುಂಬಿಸಿ ನನಗೆ ಕಳಿಸ್ತಾನೆ. ಬೆಳೆ ಇನ್ನೂ ಶುರುವಾಗಿಲ್ಲ. ಆದರೆ ಅತ್ತೆಗಿಂತ ಸರಿಯಾದ ಕಡೆಯಿಂದ ಶುರು ಮಾಡಿದ್ದಾನೆ.

ನಿಮ್ಮಲ್ಲೂ ಕೆಲವರಿಗೆ ಮನೆಯಲ್ಲಿ ಸೋಪು, ಜೆಲ್ ಮಾಡಿ ಮಾರೋ ಯೋಚನೆ ಇರಬಹುದು. ಮಾಡಬೇಡಿ ಅನ್ನಲ್ಲ. ಆದರೆ ಮಾರೋಕೆ ಸೌಂದರ್ಯವರ್ಧಕ ತಯಾರಿಸಬೇಕಾದ್ರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 2020ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. ಸೊಸೈಟಿ ಗುಂಪಿನಲ್ಲಿ 31 ಬಾಟಲಿ ಮಾರಿದ್ರೂ ಅದು ಮಾರಾಟವೇ. ನನಗೆ ಆಗ ಅದೂ ಗೊತ್ತಿರಲಿಲ್ಲ. ನೀರಿರೋ ಯಾವುದೇ ಜೆಲ್, ಕ್ರೀಮ್‌ಗೆ ಸರಿಯಾದ ಪ್ರಿಸರ್ವೇಟಿವ್ ಬೇಕೇ ಬೇಕು, ಅದು ಹಿಡಿಯುತ್ತಾ ಅಂತ ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು. ‘ಕೆಮಿಕಲ್ ಇಲ್ಲ’ ಅನ್ನೋ ಮಾತೇ ಸುಳ್ಳು. ನೀರೂ ಕೆಮಿಕಲ್ಲೇ.

ಬರೀ ಮನೆಯವರಿಗೆ ಅಂತ ಚೈನಾ ಗ್ರಾಸ್ ಜೆಲ್ ಮಾಡ್ತೀರಾ? ಒಂದು ಸಲಕ್ಕೆ ಬೇಕಾದಷ್ಟೇ ಮಾಡಿ, ಆವತ್ತೇ ಹಚ್ಚಿ, ಉಳಿದದ್ದು ಚೆಲ್ಲಿ. ಸಾಂಬಾರನ್ನೇ ಎರಡು ದಿನ ಹೊರಗಿಡಲ್ಲ ನಾವು, ಮುಖಕ್ಕೆ ಹಚ್ಚೋದನ್ನ ಒಂಬತ್ತು ದಿನ ಹೇಗೆ ಇಟ್ಟೆವು? ಅಂಗಡಿಯಿಂದ ತಂದ ಹೊಸ ಕ್ರೀಮ್ ಆದ್ರೂ ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಉರಿ, ತುರಿಕೆ, ಕೆಂಪು ಏನಾದ್ರೂ ಬಂದ್ರೆ ಬಿಟ್ಟುಬಿಡಿ. ಬಿಟ್ರೂ ಕಡಿಮೆ ಆಗದಿದ್ರೆ ಚರ್ಮದ ಡಾಕ್ಟರ್ ಹತ್ರ ಹೋಗಿ, ವಾಟ್ಸಾಪ್ ಗುಂಪಿನ ಹತ್ರ ಅಲ್ಲ.

ಕೊನೆಯದಾಗಿ. ಕಡಲಕಳೆಯಿಂದ ಮುಖಕ್ಕೆ ಕಳೆ ಬರುತ್ತಾ ಅಂತ ಕೇಳಿದ್ರೆ, ತೇವ ಬರುತ್ತೆ, ಒಂದಿಷ್ಟು ನುಣುಪು ಬರುತ್ತೆ ಅಂತೀನಿ. ಕಳೆ ಅನ್ನೋದು ನಿದ್ದೆ, ಊಟ, ನೆಮ್ಮದಿ ಎಲ್ಲಾ ಸೇರಿ ಬರೋದು. 7.52ರ ಫಾಸ್ಟ್ ಹಿಡಿಯೋ ನಮಗೆ ಅಷ್ಟೊಂದು ಕಳೆ ಇನ್ನೆಲ್ಲಿಂದ ಬರಬೇಕು ಬಿಡಿ.

ಈ ಖಾಲಿ ಬಾಟಲಿ ನನ್ನ ಆಫೀಸ್ ಟೇಬಲ್ ಮೇಲಿರುತ್ತೆ. ಒಂದು ರಿಲೀಸ್‌ಗೆ ಸಹಿ ಹಾಕೋ ಮುಂಚೆ ಒಂದು ಸಲ ಅದನ್ನ ನೋಡ್ತೀನಿ. ಯಾಕಂದ್ರೆ ನಾವು ಕೊಟ್ಟಿದ್ದನ್ನ ಯಾರೋ ನೋಡದೆ ಹಚ್ಚಿಕೊಳ್ತಾರೆ. ನಮ್ಮ ಮೇಲೆ ನಂಬಿಕೆ ಇರೋರೇ ಮೊದಲು.

ಆಂಟಿ ಏನಾದ್ರು ಅಂತ ಕೇಳ್ತೀರಿ. ಚೆನ್ನಾಗಿದ್ದಾರೆ, ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಈಗ ಅಂಗಡಿಯಲ್ಲಿ ಏನೇ ತಗೊಂಡ್ರೂ ಭೂತಗನ್ನಡಿ ಹಿಡಿದು ಹಿಂದಿನ ಸಣ್ಣ ಅಕ್ಷರ ಪೂರ್ತಿ ಓದ್ತಾರೆ. ಅರ್ಥ ಆಗದಿದ್ರೆ ಅಲ್ಲಿಂದಲೇ ನನಗೆ ಫೋನ್ ಮಾಡ್ತಾರೆ. ಮೊನ್ನೆ ಮೀಟಿಂಗ್ ಮಧ್ಯೆ ಮಾಡಿದ್ರು. ಮ್ಯೂಟ್ ಮಾಡಿ ಎತ್ತಿಕೊಂಡೆ.

ಪ್ರಶ್ನೆ ಇದ್ರೆ ಕೇಳಿ.